ಮನದ ನೋವು ಕೇಳುವವರಿಗೂ ಪರವಾನಗಿ ಬೇಕೇ?

(ತುಮಕೂರಿನ ಸದಾಶಿವನಗರದಲ್ಲಿ ಸಾರ್ವಜನಿಕರಿಗಾಗಿ ನೀಡಿದ ಉಪನ್ಯಾಸದ ಬರಹರೂಪ)

ಔಷಧಿ ಅಂಗಡಿಗೆ ಹೋದವರು ಗೋಡೆಯ ಕಡೆ ಕಣ್ಣು ಹಾಯಿಸಿದರೆ, ಕಟ್ಟು ಹಾಕಿಸಿದ ಒಂದು ಪ್ರಮಾಣಪತ್ರ ಕಾಣುತ್ತದೆ. ಫಾರ್ಮಸಿಸ್ಟ್ ಯಾರು, ಅವರ ನೋಂದಣಿ ಸಂಖ್ಯೆ ಎಷ್ಟು ಎಂಬುದು ಅದರಲ್ಲಿರುತ್ತದೆ. 1948ರ ಫಾರ್ಮಸಿ ಕಾಯ್ದೆ ಮಾಡಿಟ್ಟ ಏರ್ಪಾಡು ಅದು. ನ್ಯಾಯಾಲಯದಲ್ಲಿ ಕರಿಕೋಟು ಹಾಕಿ ವಾದಿಸುವವರಿಗೆ 1961ರ ವಕೀಲರ ಕಾಯ್ದೆಯಂತೆ ಸನ್ನದು ಬೇಕು. ಆಟೋ ಓಡಿಸುವವರಿಗೂ ಲೈಸೆನ್ಸ್ ಬೇಕು. ಆದರೆ ಮನಸ್ಸು ಕೆಟ್ಟು ಮೂಲೆ ಹಿಡಿದವನ ಮನೆಗೆ ಬಂದು, ಸಂಸಾರದ ಗುಟ್ಟನ್ನೆಲ್ಲ ಕೇಳಿ, ಹೀಗೆ ಮಾಡಿ ಹಾಗೆ ಮಾಡಿ ಎಂದು ಹೇಳುವವರಿಗೆ? ಅವರು ಏನು ಓದಿದ್ದಾರೆ, ಯಾರ ಕೈಕೆಳಗೆ ಕೆಲಸ ಕಲಿತಿದ್ದಾರೆ, ತಪ್ಪು ಮಾಡಿದರೆ ಯಾರಿಗೆ ದೂರಬೇಕು? ನಮ್ಮಲ್ಲಿ ಈ ಪ್ರಶ್ನೆಯನ್ನು ಕೇಳುವ ರೂಢಿಯೇ ಬಹುಕಾಲ ಇರಲಿಲ್ಲ.

ಸದಾಶಿವನಗರದಲ್ಲೇ ಒಂದು ಮನೆಯನ್ನು ಊಹಿಸಿಕೊಳ್ಳಿ. ಡಿಗ್ರಿ ಓದುತ್ತಿದ್ದ ಮಗ ಆರು ತಿಂಗಳಿಂದ ಕೋಣೆ ಬಿಟ್ಟು ಹೊರಗೆ ಬಂದಿಲ್ಲ. ಊಟದಲ್ಲಿ ಏನೋ ಬೆರೆಸಿದ್ದಾರೆ ಎನ್ನುತ್ತಾನೆ. ತಾಯಿ ದೇವರಿಗೆ ಹರಕೆ ಹೊತ್ತಿದ್ದಾರೆ, ತಂದೆ ತಾಯತ ಕಟ್ಟಿಸಿದ್ದಾರೆ. ಕಡೆಗೆ ಮನೋವೈದ್ಯರಲ್ಲಿಗೆ ಕರೆದೊಯ್ದರು. ವೈದ್ಯರು ಮಾತ್ರೆ ಬರೆದುಕೊಟ್ಟರು. ಮೂರು ದಿನ ಮಾತ್ರೆ ನುಂಗಿದ ಹುಡುಗ ನಾಲ್ಕನೆಯ ದಿನ ಅದನ್ನು ಕಿಟಕಿಯಿಂದ ಆಚೆ ಎಸೆದ.

ವೈದ್ಯರ ಬಳಿ ಸರದಿಯಲ್ಲಿ ನೂರು ಜನ. ಈ ಮನೆಯ ಕಥೆ ಕೇಳಲು ಅವರಿಗೆ ಹತ್ತು ನಿಮಿಷವೂ ಸಿಗುವುದಿಲ್ಲ. ಮಗ ಮಾತ್ರೆಯನ್ನು ಏಕೆ ಎಸೆದ? ಅದರಿಂದ ಬಂದ ತೂಕಡಿಕೆಗೆ ಹೆದರಿದನೇ? 'ಹುಚ್ಚರ ಮಾತ್ರೆ' ಎಂದು ಅಕ್ಕಪಕ್ಕದವರು ಆಡಿಕೊಂಡರೇ? ತಾಯಿ ರಾತ್ರಿ ನಿದ್ದೆ ಮಾಡಿ ಎಷ್ಟು ದಿನವಾಯಿತು? ಮದುವೆಗೆ ಬಂದ ತಂಗಿಯ ಸಂಬಂಧ ತಪ್ಪುತ್ತದೆಂದು ಕಾಯಿಲೆಯನ್ನೇ ಮುಚ್ಚಿಡುತ್ತಿದ್ದಾರೆಯೇ? ಅಂಗವಿಕಲರ ಮಾಸಾಶನಕ್ಕೆ ಅರ್ಜಿ ಹಾಕಬಹುದೆಂಬುದು ಅವರಿಗೆ ಗೊತ್ತೇ? ಇಷ್ಟನ್ನೂ ಕೇಳಿ ತಿಳಿದು, ವೈದ್ಯರಿಗೂ ಮನೆಯವರಿಗೂ ನಡುವೆ ಸೇತುವೆಯಾಗುವುದು ಒಂದು ಪ್ರತ್ಯೇಕ ವೃತ್ತಿ. ಅದನ್ನು ಮಾಡುವವರನ್ನು ನಮ್ಮ ದೇಶದಲ್ಲಿ ಮನೋವೈದ್ಯಕೀಯ ಸಮಾಜಕಾರ್ಯಕರ್ತರು ಎನ್ನುತ್ತಾರೆ. ಅಮೆರಿಕದಲ್ಲಿ ಇವರಿಗೆ ಕ್ಲಿನಿಕಲ್ ಸೋಷಿಯಲ್ ವರ್ಕರ್ ಎಂಬ ಹೆಸರಿದೆ.

ಸೇವೆ ಬೇರೆ, ವೃತ್ತಿ ಬೇರೆ

ಕನ್ನಡದಲ್ಲಿ 'ಸಮಾಜಸೇವಕ' ಎಂಬ ಪದ ಬಹಳ ಸವೆದಿದೆ. ಶಾಲಾ ಮಕ್ಕಳಿಗೆ ನೋಟ್‌ಬುಕ್ ಹಂಚಿದವರು, ಅಣ್ಣಮ್ಮನ ಉತ್ಸವಕ್ಕೆ ಫ್ಲೆಕ್ಸ್ ಕಟ್ಟಿಸಿದವರು, ಮುಂದಿನ ಚುನಾವಣೆಯಲ್ಲಿ ಟಿಕೆಟ್ ಬಯಸುವವರು ಎಲ್ಲರೂ ಸಮಾಜಸೇವಕರೇ. ಅದು ತಪ್ಪೇನಲ್ಲ, ಸೇವೆಗೆ ಸರ್ಟಿಫಿಕೇಟು ಬೇಡ. ಸಮಾಜಕಾರ್ಯ ಎಂಬುದು ಮಾತ್ರ ಬೇರೆ. ಅದಕ್ಕೆ ಓದು ಇದೆ, ಕ್ಷೇತ್ರಕಾರ್ಯ ಇದೆ, ಗುಟ್ಟು ಕಾಯುವ ಕಟ್ಟುಪಾಡು ಇದೆ, ಹಿರಿಯರ ಮೇಲ್ವಿಚಾರಣೆ ಇದೆ.

ಇದೂ ಒಂದು ವೃತ್ತಿಯೇ ಎಂಬ ಪ್ರಶ್ನೆ ಹಳೆಯದು. 1905ರಲ್ಲಿ ಬೋಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ವೈದ್ಯ ರಿಚರ್ಡ್ ಕ್ಯಾಬಟ್, ರೋಗಿ ಮನೆಗೆ ಹೋದ ಮೇಲೆ ಏನಾಗುತ್ತಾನೆ ಎಂದು ತಿಳಿಯದೆ ಔಷಧ ಕೊಟ್ಟು ಪ್ರಯೋಜನವಿಲ್ಲವೆಂದು ಆಸ್ಪತ್ರೆಯಲ್ಲಿ ಸಮಾಜಕಾರ್ಯವನ್ನು ಆರಂಭಿಸಿದರು. ಅದಾಗಿ ಹತ್ತೇ ವರ್ಷಕ್ಕೆ, 1915ರಲ್ಲಿ, ಅಮೆರಿಕದ ವೈದ್ಯಶಿಕ್ಷಣವನ್ನು ತಿದ್ದಿದ ಅಬ್ರಹಾಂ ಫ್ಲೆಕ್ಸ್‌ನರ್ ಬಾಲ್ಟಿಮೋರಿನ ಸಮ್ಮೇಳನವೊಂದರಲ್ಲಿ ಸಮಾಜಕಾರ್ಯ ಇನ್ನೂ ಪೂರ್ಣ ವೃತ್ತಿಯಲ್ಲ ಎಂದು ಹೇಳಿದರು. ಆ ಮಾತು ಚುಚ್ಚಿತು. 1917ರಲ್ಲಿ ಮೇರಿ ರಿಚ್ಮಂಡ್ ಅವರು 'ಸೋಷಿಯಲ್ ಡಯಾಗ್ನೋಸಿಸ್' ಎಂಬ ಗ್ರಂಥ ಬರೆದು, ಒಂದು ಕುಟುಂಬದ ಸ್ಥಿತಿಯನ್ನು ಕ್ರಮಬದ್ಧವಾಗಿ ಅರಿಯುವ ವಿಧಾನವನ್ನು ಮುಂದಿಟ್ಟರು.

ಭಾರತದಲ್ಲಿ ಈ ಓದಿಗೆ ಮೊದಲ ಶಾಲೆ ತೆರೆದದ್ದು 1936ರಲ್ಲಿ, ಮುಂಬಯಿಯಲ್ಲಿ. ಸರ್ ದೊರಾಬ್ಜಿ ಟಾಟಾ ಹೆಸರಿನ ಆ ಶಾಲೆಯ ಮೊದಲ ನಿರ್ದೇಶಕರು ಕ್ಲಿಫರ್ಡ್ ಮ್ಯಾನ್ಷಾರ್ಟ್. ಅದೇ ಮುಂದೆ ಟಾಟಾ ಸಮಾಜವಿಜ್ಞಾನ ಸಂಸ್ಥೆಯಾಯಿತು. 1946ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆ ವೈದ್ಯಕೀಯ ಸಮಾಜಕಾರ್ಯಕರ್ತರೊಬ್ಬರನ್ನು ನೇಮಿಸಿಕೊಂಡಿತು. ಅಂದರೆ ಈ ವೃತ್ತಿ ನಮ್ಮಲ್ಲಿ ಸ್ವಾತಂತ್ರ್ಯಕ್ಕಿಂತ ಹಿರಿದು. ಆದರೂ ಮನಸ್ಸಿನ ಕಾಯಿಲೆಯ ಕೆಲಸ ಮಾಡುವ ಸಮಾಜಕಾರ್ಯಕರ್ತರು ಯಾರು ಎಂದು ಕಾನೂನು ಬಿಡಿಸಿ ಹೇಳಿದ್ದು 2017ರಲ್ಲಿ!

ಬೆಂಗಳೂರಿನ ಆಸ್ಪತ್ರೆಯ ಪಾತ್ರ

ಈ ಕಥೆಯಲ್ಲಿ ಕರ್ನಾಟಕದ ಪಾಲು ದೊಡ್ಡದು. 19ನೆಯ ಶತಮಾನದ ನಡುವಿನಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಹುಚ್ಚಾಸ್ಪತ್ರೆಗೆ 1925ರಲ್ಲಿ ಮೈಸೂರು ಸರ್ಕಾರ 'ಮೆಂಟಲ್ ಹಾಸ್ಪಿಟಲ್' ಎಂಬ ಹೊಸ ಹೆಸರು ಕೊಟ್ಟಿತು. ಹೆಸರು ಬದಲಾದದ್ದು ಸಣ್ಣ ಸಂಗತಿಯಲ್ಲ. ಕೂಡಿಹಾಕುವ ಜಾಗ ಗುಣಪಡಿಸುವ ಜಾಗವಾಗಬೇಕು ಎಂಬ ಇಂಗಿತ ಅದರಲ್ಲಿತ್ತು. ಡಾ. ಎಂ.ವಿ. ಗೋವಿಂದಸ್ವಾಮಿ ಅವರ ಕಾಲದಲ್ಲಿ ಆಸ್ಪತ್ರೆ ದೇಶದ ಗಮನ ಸೆಳೆಯಿತು. 1946ರ ಭೋರ್ ಸಮಿತಿಯ ಶಿಫಾರಸಿನ ಬೆನ್ನಲ್ಲೇ 1954ರಲ್ಲಿ ಇಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. 1974ರ ಡಿಸೆಂಬರಿನಲ್ಲಿ ಆಸ್ಪತ್ರೆ ಮತ್ತು ಸಂಸ್ಥೆ ಒಂದಾಗಿ ನಿಮ್ಹಾನ್ಸ್ ಆಯಿತು.

ಆ ಸಂಸ್ಥೆಯಲ್ಲಿ ಮೊದಲು ಬಂದ ಕೋರ್ಸುಗಳು ಮನೋವೈದ್ಯರಿಗೆ, ಮನಶ್ಶಾಸ್ತ್ರಜ್ಞರಿಗೆ. ಮನೋವೈದ್ಯಕೀಯ ಸಮಾಜಕಾರ್ಯದ ಡಿಪ್ಲೊಮಾ ಬಂದದ್ದು 1968ರಲ್ಲಿ. ಮುಂದೆ ಅದೇ ಎರಡು ವರ್ಷದ ಎಂ.ಫಿಲ್. ಆಯಿತು. ಬಿ.ಎ. ಮೂರು ವರ್ಷ, ಎಂ.ಎಸ್.ಡಬ್ಲ್ಯು. ಎರಡು ವರ್ಷ, ಎಂ.ಫಿಲ್. ಎರಡು ವರ್ಷ. ಪಿ.ಯು.ಸಿ. ಮುಗಿಸಿದ ಮೇಲೆ ಒಟ್ಟು ಏಳು ವರ್ಷದ ದಾರಿ. ಕೊನೆಯ ಎರಡು ವರ್ಷ ಪುಸ್ತಕಕ್ಕಿಂತ ವಾರ್ಡಿನದೇ ಮೇಲುಗೈ. ಹೊರರೋಗಿ ವಿಭಾಗದಲ್ಲಿ ಮನೆಯವರ ಮಾತು ಕೇಳಿ ಬರೆಯುವುದು, ಬರೆದದ್ದನ್ನು ಹಿರಿಯರ ಮುಂದಿಟ್ಟು ತಿದ್ದಿಸಿಕೊಳ್ಳುವುದು, ಕುಡಿತ ಬಿಡಲು ಬಂದವರ ಗುಂಪು ನಡೆಸುವುದು, ಆಸ್ಪತ್ರೆಯಿಂದ ಬಿಡುಗಡೆಯಾದವರ ಊರಿಗೆ ಹೋಗಿ ಬರುವುದು, ಇವೆಲ್ಲ ಪಾಠದ ಭಾಗ.

ಆದರೆ ಹೊರಗಿನ ಕಾನೂನಿನಲ್ಲಿ ಇವರ ಸ್ಥಾನ ಏನಿತ್ತು? 1912ರ ಕಾಯ್ದೆಯ ಹೆಸರೇ ಇಂಡಿಯನ್ ಲುನಸಿ ಆಕ್ಟ್. ಅದರ ಕಣ್ಣಿಗೆ ಬಿದ್ದದ್ದು ಮ್ಯಾಜಿಸ್ಟ್ರೇಟರು, ಪೊಲೀಸರು, ವೈದ್ಯರು. ಅದನ್ನು ತೆಗೆದುಹಾಕಿ ಬಂದ 1987ರ ಮಾನಸಿಕ ಆರೋಗ್ಯ ಕಾಯ್ದೆಯೂ ಮನೋವೈದ್ಯಕೀಯ ಸಮಾಜಕಾರ್ಯಕರ್ತರು ಯಾರು ಎಂದು ಹೇಳಲಿಲ್ಲ. ಆಸ್ಪತ್ರೆಗಳಲ್ಲಿ ಅವರು ಕೆಲಸ ಮಾಡುತ್ತಲೇ ಇದ್ದರು. ಕಾನೂನಿನ ಮಟ್ಟಿಗೆ ನೇಪಥ್ಯದಲ್ಲಿದ್ದರು.

ಈ ಮೌನದ ಬೆಲೆ ಏನೆಂದು 2001ರ ಆಗಸ್ಟ್ 6ರಂದು ದೇಶಕ್ಕೆ ತಿಳಿಯಿತು. ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಏರ್ವಾಡಿಯಲ್ಲಿ ದರ್ಗಾದ ಸುತ್ತ ಖಾಸಗಿಯವರು ನಡೆಸುತ್ತಿದ್ದ ಗುಡಿಸಲೊಂದಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಮಂದಿ ಮನೋರೋಗಿಗಳು ಓಡಲಾಗದೆ ಸುಟ್ಟು ಸತ್ತರು. ಅಲ್ಲಿ ಅವರನ್ನು ಇಟ್ಟುಕೊಂಡವರಿಗೆ ಯಾವ ತರಬೇತಿಯೂ ಇರಲಿಲ್ಲ. ಮನೆಯವರು ಕೆಟ್ಟವರೆಂದು ಅಲ್ಲಿಗೆ ಬಿಟ್ಟು ಬಂದವರಲ್ಲ. ಬೇರೆ ಯಾರನ್ನು ಕೇಳಬೇಕೆಂದು ತಿಳಿಯದೆ ಬಿಟ್ಟು ಬಂದವರೇ ಹೆಚ್ಚು. ನಂಬಿಕೆಗೆ ಅರ್ಹರು ಯಾರು ಎಂಬುದನ್ನು ಗುರುತಿಸುವ ಗುರುತಿನ ಚೀಟಿ ಸಮಾಜದಲ್ಲಿ ಇಲ್ಲದಿದ್ದರೆ, ಸಂಕಟದಲ್ಲಿರುವವರು ಸಿಕ್ಕವರ ಕೈ ಹಿಡಿಯುತ್ತಾರೆ.

ಸಹಿಗೆ ಬಂದ ತೂಕ

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಂದು ಜಾರಿಗೆ ಬಂತು. ಅದರ ವ್ಯಾಖ್ಯೆಗಳ ಪಟ್ಟಿಯಲ್ಲಿ ಮನೋವೈದ್ಯಕೀಯ ಸಮಾಜಕಾರ್ಯಕರ್ತರಿಗೆ ಒಂದು ಜಾಗ ಸಿಕ್ಕಿತು. ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಇರಬೇಕು. ಅದರ ಮೇಲೆ ಮಾನ್ಯ ವಿಶ್ವವಿದ್ಯಾಲಯದಿಂದ ಎರಡು ವರ್ಷದ ಪೂರ್ಣಾವಧಿ ಎಂ.ಫಿಲ್. ಇರಬೇಕು, ಆ ಎರಡು ವರ್ಷದಲ್ಲಿ ಮೇಲ್ವಿಚಾರಣೆಯಲ್ಲಿ ಪಡೆದ ಕ್ಲಿನಿಕಲ್ ತರಬೇತಿ ಸೇರಿರಬೇಕು. ಇಲ್ಲವೇ ಸರ್ಕಾರ ನಿಯಮಿಸುವ ಬೇರೆ ಮಾನ್ಯ ಅರ್ಹತೆ ಇರಬೇಕು. ಇಷ್ಟಿದ್ದವರನ್ನು ನೋಂದಾಯಿಸಿ, ಅವರ ಪಟ್ಟಿಯನ್ನು ಪ್ರಕಟಿಸುವ ಹೊಣೆಯನ್ನು 55ನೆಯ ಕಲಮು ಆಯಾ ರಾಜ್ಯದ ಮಾನಸಿಕ ಆರೋಗ್ಯ ಪ್ರಾಧಿಕಾರಕ್ಕೆ ವಹಿಸಿದೆ. ಚಿಕಿತ್ಸಾ ಮನಶ್ಶಾಸ್ತ್ರಜ್ಞರು, ಮನೋರೋಗ ದಾದಿಯರು ಕೂಡ ಇದೇ ಪಟ್ಟಿಗೆ ಸೇರುತ್ತಾರೆ.

ಇದು ಬರೀ ಗೌರವದ ಮಾತಲ್ಲ. ನೋಂದಾಯಿತರಾದವರು ಕಾನೂನಿನ ದೃಷ್ಟಿಯಲ್ಲಿ 'ಮಾನಸಿಕ ಆರೋಗ್ಯ ವೃತ್ತಿಪರರು' ಆಗುತ್ತಾರೆ. ಆ ಪದಗಳಿಗೆ ಎಷ್ಟು ತೂಕವಿದೆ ಎಂದು ತಿಳಿಯಲು 89ನೆಯ ಕಲಮನ್ನು ನೋಡಬೇಕು. ರೋಗಿ ತಾನೇ ನಿರ್ಧಾರ ತೆಗೆದುಕೊಳ್ಳಲು ಆಗದಷ್ಟು ಕುಸಿದಿದ್ದಾಗ, ಪ್ರಾಣಕ್ಕೆ ಕೇಡು ಮಾಡಿಕೊಳ್ಳುವ ಅಥವಾ ಇತರರಿಗೆ ಹಾನಿ ಮಾಡುವ ಭಯವಿದ್ದಾಗ, ಅವನು ನೇಮಿಸಿದ ಪ್ರತಿನಿಧಿಯ ಅರ್ಜಿಯ ಮೇಲೆ ಅವನನ್ನು 30 ದಿನಗಳವರೆಗೆ ಆಸ್ಪತ್ರೆಯಲ್ಲಿ ಇರಿಸಿಕೊಳ್ಳಬಹುದು. ಅದಕ್ಕೆ ಇಬ್ಬರು ಬೇರೆ ಬೇರೆಯಾಗಿ ಪರೀಕ್ಷಿಸಿ ಒಂದೇ ತೀರ್ಮಾನಕ್ಕೆ ಬರಬೇಕು. ಒಬ್ಬರು ಮನೋವೈದ್ಯರೇ ಆಗಿರಬೇಕು. ಇನ್ನೊಬ್ಬರು ವೈದ್ಯರಾಗಿರಬಹುದು, ಇಲ್ಲವೇ ನೋಂದಾಯಿತ ಮಾನಸಿಕ ಆರೋಗ್ಯ ವೃತ್ತಿಪರರಾಗಿರಬಹುದು.

ಅಂದರೆ ಸಮಾಜಕಾರ್ಯ ಓದಿದ ವ್ಯಕ್ತಿಯೊಬ್ಬರ ಸಹಿ, ಇನ್ನೊಬ್ಬ ನಾಗರಿಕನ ಸ್ವಾತಂತ್ರ್ಯವನ್ನು ತಿಂಗಳ ಮಟ್ಟಿಗೆ ತಡೆಹಿಡಿಯುವ ಎರಡು ಸಹಿಗಳಲ್ಲಿ ಒಂದಾಗಬಲ್ಲದು. ಕೊಲೆ ಆರೋಪಿಯನ್ನು ಬಂಧಿಸಿದರೂ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕಾದ ದೇಶ ಇದು. ಇಲ್ಲಿ ಅಪರಾಧವನ್ನೇ ಮಾಡದವನನ್ನು ಇರಿಸಿಕೊಳ್ಳುವ ಅಧಿಕಾರ! ಆದ್ದರಿಂದಲೇ ಕಾಯ್ದೆ ಕಾವಲನ್ನೂ ಇಟ್ಟಿದೆ. ಇಂಥ ದಾಖಲಾತಿಯನ್ನು ಏಳು ದಿನದೊಳಗೆ, ಮಹಿಳೆ ಅಥವಾ ಅಪ್ರಾಪ್ತರಾದರೆ ಮೂರು ದಿನದೊಳಗೆ, ಮಾನಸಿಕ ಆರೋಗ್ಯ ಪುನರವಲೋಕನ ಮಂಡಳಿಗೆ ತಿಳಿಸಬೇಕು. ವೃತ್ತಿಪರರು ತಮ್ಮ ವೃತ್ತಿಯ ಮೇರೆ ಮೀರಿ ಔಷಧವನ್ನಾಗಲಿ ಚಿಕಿತ್ಸೆಯನ್ನಾಗಲಿ ಸೂಚಿಸಬಾರದು ಎಂದು 106ನೆಯ ಕಲಮು ಹೇಳುತ್ತದೆ. ಗುಟ್ಟು ಕಾಯಿಸಿಕೊಳ್ಳುವುದು ರೋಗಿಯ ಹಕ್ಕು ಎಂದು 23ನೆಯ ಕಲಮು ಹೇಳಿದರೆ, ಸೇವೆಯಲ್ಲಿ ಕೊರತೆಯಾದರೆ ದೂರು ಕೊಡುವುದು ಹಕ್ಕು ಎಂದು 28ನೆಯ ಕಲಮು ಹೇಳುತ್ತದೆ.

ಪರವಾನಗಿ ಏಕೆ ಬೇಕು ಎಂಬ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಅದು ವೃತ್ತಿಯವರ ಕೊರಳಿಗೆ ಹಾಕುವ ಪದಕವಲ್ಲ. ತಪ್ಪಾದಾಗ ಹೋಗಿ ಕೇಳಲು ಒಂದು ವಿಳಾಸ.

ಮೂರು ಕಾಯ್ದೆ, ಮೂರು ದಫ್ತರ

ವಿಷಯ ಇಷ್ಟಕ್ಕೇ ಮುಗಿದಿದ್ದರೆ ಸರಳವಾಗಿರುತ್ತಿತ್ತು. ಆದರೆ ನಮ್ಮಲ್ಲಿ ಒಂದೇ ವೃತ್ತಿಯನ್ನು ಮೂರು ಕಾಯ್ದೆಗಳು ಮೂರು ಕಡೆಯಿಂದ ಹಿಡಿದುಕೊಂಡಿವೆ.

ಮೊದಲನೆಯದು 1992ರ ಭಾರತೀಯ ಪುನರ್ವಸತಿ ಪರಿಷತ್ತಿನ ಕಾಯ್ದೆ. ಅಂಗವಿಕಲರ ಪುನರ್ವಸತಿಯಲ್ಲಿ ತೊಡಗಿದ ಹಲವು ಬಗೆಯ ವೃತ್ತಿಪರರಿಗೆ ಇದು ಕೇಂದ್ರ ರಿಜಿಸ್ಟರು ಇಟ್ಟಿದೆ. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಇದರ ಅಡಿ ಬರುತ್ತಾರೆ. ಸಮಾಜಕಾರ್ಯಕರ್ತರಲ್ಲಿ 'ಪುನರ್ವಸತಿ ಸಮಾಜಕಾರ್ಯಕರ್ತರು' ಎಂಬ ವರ್ಗ ಮಾತ್ರ ಇಲ್ಲಿದೆ. ಎರಡನೆಯದು ಈಗಾಗಲೇ ಹೇಳಿದ 2017ರ ಕಾಯ್ದೆ. ಇದರ ರಿಜಿಸ್ಟರು ರಾಜ್ಯ ಪ್ರಾಧಿಕಾರದ ಕೈಯಲ್ಲಿದೆ.

ಮೂರನೆಯದು 2021ರ ಸಹಾಯಕ ಮತ್ತು ಆರೋಗ್ಯ ಆರೈಕೆ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ. ಲ್ಯಾಬ್ ಟೆಕ್ನಿಷಿಯನ್ನರು, ಫಿಸಿಯೊಥೆರಪಿಸ್ಟರು, ಆಹಾರತಜ್ಞರು ಮೊದಲಾದ ಐವತ್ತಕ್ಕೂ ಹೆಚ್ಚು ವೃತ್ತಿಗಳನ್ನು ಅದು ಒಂದು ಸೂರಿನಡಿ ತಂದಿದೆ. ಅದರ ಅನುಸೂಚಿಯಲ್ಲಿ ವರ್ತನಾ ಆರೋಗ್ಯ ವಿಜ್ಞಾನದ ಗುಂಪಿನಲ್ಲಿ ಕ್ಲಿನಿಕಲ್ ಸಮಾಜಕಾರ್ಯಕರ್ತರು, ಮನೋವೈದ್ಯಕೀಯ ಸಮಾಜಕಾರ್ಯಕರ್ತರು, ವೈದ್ಯಕೀಯ ಸಮಾಜಕಾರ್ಯಕರ್ತರು ಎಂದು ಮೂವರನ್ನೂ ಹೆಸರಿಸಲಾಗಿದೆ. ನೋಂದಣಿ ಮಾಡಬೇಕಾದದ್ದು ರಾಜ್ಯ ಪರಿಷತ್ತು. ರಾಜ್ಯದಲ್ಲಿ ನೋಂದಾಯಿತರಾದವರ ಹೆಸರು ಕೇಂದ್ರದ ರಿಜಿಸ್ಟರಿಗೂ ಹೋಗುತ್ತದೆ. ಈ ಕಾಯ್ದೆಯ ಜಾರಿ ನಿಧಾನವಾಗಿ ಸಾಗಿದ್ದರಿಂದ 2024ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಮಧ್ಯಪ್ರವೇಶಿಸಿ, ಎರಡು ತಿಂಗಳೊಳಗೆ ಜಾರಿಗೆ ತರಬೇಕೆಂದು ಕೇಂದ್ರಕ್ಕೂ ರಾಜ್ಯಗಳಿಗೂ ಹೇಳಬೇಕಾಯಿತು.

ಸಮಾಜಕಾರ್ಯ ವೃತ್ತಿಗೇ ಒಂದು ಸ್ವಂತ ರಾಷ್ಟ್ರೀಯ ಪರಿಷತ್ತು ಬೇಕೆಂಬ ಬೇಡಿಕೆಯೂ ದಶಕಗಳಷ್ಟು ಹಳೆಯದು. ವಕೀಲರಿಗೆ ಬಾರ್ ಕೌನ್ಸಿಲ್ ಇದ್ದ ಹಾಗೆ ಸಮಾಜಕಾರ್ಯಕರ್ತರಿಗೆ ಒಂದು ಕಾಯ್ದೆ ಮಾತ್ರ ಬರಲಿಲ್ಲ. ಹೀಗಾಗಿ ಎಂ.ಎಸ್.ಡಬ್ಲ್ಯು. ಮುಗಿಸಿ ಶಾಲೆ, ಕಾರ್ಖಾನೆ, ಮಹಿಳಾ ಸಾಂತ್ವನ ಕೇಂದ್ರ, ಮದ್ಯವರ್ಜನ ಶಿಬಿರಗಳಲ್ಲಿ ದಿನವೂ ಜನರ ಮನದ ನೋವನ್ನು ಕೇಳುವವರ ಹೆಸರು ಬಹುಮಟ್ಟಿಗೆ ಯಾವ ರಿಜಿಸ್ಟರಿನಲ್ಲೂ ಇಲ್ಲ. ಅದೇ ಬೀದಿಯಲ್ಲಿ ವಾರಾಂತ್ಯದ ತರಬೇತಿ ಪಡೆದ ಒಬ್ಬರು 'ಕೌನ್ಸೆಲರ್' ಎಂದು ಬೋರ್ಡು ಹಾಕಿದರೆ, ಇವರಿಗೂ ಅವರಿಗೂ ಇರುವ ವ್ಯತ್ಯಾಸ ಸಾಮಾನ್ಯ ಗೃಹಸ್ಥನಿಗೆ ತಿಳಿಯುವ ಬಗೆ ಹೇಗೆ?

ಪದವಿಯೇ ನಿಂತರೆ?

ಇದರ ಜೊತೆಗೆ ಒಂದು ವಿಚಿತ್ರ ಪೇಚು ಬಂದೊದಗಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಎಂ.ಫಿಲ್. ಪದವಿಯನ್ನು ಕೈಬಿಡಬೇಕೆಂದಿತು. ಅದರಂತೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ 2022ರ ನಿಯಮಗಳಲ್ಲಿ ಎಂ.ಫಿಲ್. ನಿಲ್ಲಿಸಿತು. ಇತಿಹಾಸದಲ್ಲೋ ಸಾಹಿತ್ಯದಲ್ಲೋ ಎಂ.ಫಿಲ್. ಎಂಬುದು ಪಿಎಚ್.ಡಿ.ಗೆ ಮುಂಚಿನ ಒಂದು ಮೆಟ್ಟಿಲು. ಅದು ಹೋದರೆ ದೊಡ್ಡ ನಷ್ಟವಿಲ್ಲ. ಆದರೆ ಮಾನಸಿಕ ಆರೋಗ್ಯದಲ್ಲಿ ಅದು ಸಂಶೋಧನೆಯ ಪದವಿಯಾಗಿರಲಿಲ್ಲ. ಹೆಸರು ಎಂ.ಫಿಲ್. ಆದರೂ ಕೆಲಸದಲ್ಲಿ ಅದು ವೈದ್ಯರ ಹೌಸ್ ಸರ್ಜನ್ಸಿಗೆ ಸಮಾನ. ಸಂಸತ್ತು ಮಾಡಿದ ಕಾಯ್ದೆ ಒಂದು ವೃತ್ತಿಯನ್ನು ಯಾವ ಪದವಿಯ ಹೆಸರಿನಿಂದ ಗುರುತಿಸಿತ್ತೋ ಆ ಪದವಿಯೇ ಇನ್ನೊಂದು ಕಚೇರಿಯ ಆದೇಶದಿಂದ ನಿಂತುಹೋಗುವ ಪರಿಸ್ಥಿತಿ!

ಆಕ್ಷೇಪ ಬಂದ ಮೇಲೆ ಆಯೋಗ 2024ರ ಜನವರಿಯಲ್ಲಿ ಚಿಕಿತ್ಸಾ ಮನಶ್ಶಾಸ್ತ್ರ ಮತ್ತು ಮನೋವೈದ್ಯಕೀಯ ಸಮಾಜಕಾರ್ಯ, ಈ ಎರಡಕ್ಕೆ ಮಾತ್ರ 2025–26ರ ಶೈಕ್ಷಣಿಕ ವರ್ಷದವರೆಗೆ ವಿನಾಯಿತಿ ಕೊಟ್ಟಿತು. ಅದು ಗಡುವನ್ನು ಮುಂದೂಡಿದ್ದೇ ಹೊರತು ಪರಿಹಾರವಲ್ಲ. ಪರಿಹಾರದ ಬಾಗಿಲು ಕಾಯ್ದೆಯಲ್ಲೇ ಇದೆ. 'ನಿಯಮಿಸುವ ಬೇರೆ ಮಾನ್ಯ ಅರ್ಹತೆ' ಎಂಬ ಮಾತನ್ನು ಬಳಸಿ, ಪದವಿಯ ಹೆಸರು ಏನೇ ಇರಲಿ, ಎರಡು ವರ್ಷದ ಮೇಲ್ವಿಚಾರಣೆಯ ತರಬೇತಿಯನ್ನು ಉಳಿಸಿಕೊಳ್ಳಬಹುದು. ಪಾತ್ರೆ ಬದಲಾಗಲಿ, ಒಳಗಿನ ಹಾಲು ಚೆಲ್ಲಬಾರದು.

ಹೊರದೇಶದ ಅನುಭವ

ಪರವಾನಗಿಯ ಗುಣವನ್ನೂ ದೋಷವನ್ನೂ ಎಣಿಸಲು ಅಮೆರಿಕ ಒಳ್ಳೆಯ ಉದಾಹರಣೆ. ಅಲ್ಲಿ ಇದು ರಾಜ್ಯಗಳ ಅಧಿಕಾರ. ಸಮಾಜಕಾರ್ಯಕರ್ತರ ಮೇಲೆ ಮೊದಲು ಕಾನೂನು ಮಾಡಿದ್ದು 1934ರಲ್ಲಿ ಪೋರ್ಟೊರಿಕೊ. ಕ್ಯಾಲಿಫೋರ್ನಿಯಾ 1945ರಲ್ಲಿ ನೋಂದಣಿ ತಂದಿತು. 1992ರ ಹೊತ್ತಿಗೆ ಎಲ್ಲ ರಾಜ್ಯಗಳಲ್ಲೂ ಯಾವುದಾದರೂ ರೂಪದ ಕಾನೂನು ಬಂದಿತ್ತು. ಇಂದು ಕ್ಯಾಲಿಫೋರ್ನಿಯಾದಲ್ಲಿ ಕ್ಲಿನಿಕಲ್ ಪರವಾನಗಿ ಬೇಕಾದರೆ ಸ್ನಾತಕೋತ್ತರ ಪದವಿಯಾದ ಮೇಲೆ ಕನಿಷ್ಠ 104 ವಾರ ಹಿರಿಯರ ಮೇಲ್ವಿಚಾರಣೆಯಲ್ಲಿ 3000 ಗಂಟೆ ಕೆಲಸ ಮಾಡಿ, ಪರೀಕ್ಷೆ ಪಾಸು ಮಾಡಬೇಕು. ಕಾರಿಗೆ 'ಎಲ್' ಬೋರ್ಡು ಹಾಕಿ ಪಕ್ಕದಲ್ಲಿ ಗುರುವನ್ನು ಕೂರಿಸಿಕೊಂಡು ಓಡಿಸಿದ ಹಾಗೆ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಎಂ.ಎಸ್.ಡಬ್ಲ್ಯು. ಮಾಡಿ ಮದುವೆಯಾಗಿ ಅಲ್ಲಿಗೆ ಹೋದ ಕನ್ನಡತಿಗೂ ಈ ದಾರಿ ತಪ್ಪಿದ್ದಲ್ಲ. ಪದವಿ ಅಲ್ಲಿನದಕ್ಕೆ ಸಮವೇ ಎಂದು ಪರಿಶೀಲನೆಯಾಗಬೇಕು, ಗಂಟೆಗಳನ್ನು ಅಲ್ಲಿನ ಲೆಕ್ಕದಲ್ಲಿ ತುಂಬಿಸಬೇಕು. ಒಂದು ರಾಜ್ಯದಿಂದ ಇನ್ನೊಂದಕ್ಕೆ ಮನೆ ಬದಲಾಯಿಸಿದರೆ ಮತ್ತೆ ಅರ್ಜಿ.

ಈ ಕಟ್ಟುನಿಟ್ಟಿನ ಫಲ ಜನರಿಗೆ ದೊರೆತಿದೆ. ಪರವಾನಗಿ ಇದ್ದವರ ಹೆಸರನ್ನು ಯಾರು ಬೇಕಾದರೂ ಹುಡುಕಬಹುದು. ಶಿಸ್ತುಕ್ರಮ ಆಗಿದ್ದರೆ ಅದೂ ತಿಳಿಯುತ್ತದೆ. ಆದರೆ ಇನ್ನೊಂದು ಮುಖವೂ ಇದೆ. ಅಲ್ಲಿನ ಪರೀಕ್ಷೆ ನಡೆಸುವ ಮಂಡಳಿ 2022ರಲ್ಲಿ ತಾನೇ ಪ್ರಕಟಿಸಿದ ಅಂಕಿಅಂಶದಂತೆ, 2021ರಲ್ಲಿ ಕ್ಲಿನಿಕಲ್ ಪರೀಕ್ಷೆಗೆ ಮೊದಲ ಸಲ ಕುಳಿತ ಬಿಳಿಯರಲ್ಲಿ ಶೇಕಡ 84ರಷ್ಟು ಮಂದಿ ಪಾಸಾದರೆ, ಕರಿಯರಲ್ಲಿ ಪಾಸಾದವರು ಶೇಕಡ 45 ಮಾತ್ರ. ಪರೀಕ್ಷೆ ಅಳೆಯುತ್ತಿರುವುದು ಕೆಲಸದ ಕೌಶಲವನ್ನೋ, ಬೆಳೆದ ಮನೆಯ ಭಾಷೆಯನ್ನೋ ಎಂಬ ಚರ್ಚೆ ಅಲ್ಲಿ ಎದ್ದಿದೆ.

ಕನ್ನಡದವರು ಈ ಅಂಕಿಯನ್ನು ಗಮನಿಸಬೇಕು. ನಮ್ಮಲ್ಲಿ ಮನೋವೈದ್ಯಕೀಯ ಸಮಾಜಕಾರ್ಯದ ಉನ್ನತ ತರಬೇತಿಯ ಪುಸ್ತಕ, ಪರೀಕ್ಷೆ ಎಲ್ಲ ಇಂಗ್ಲಿಷಿನಲ್ಲಿ. ಕೆಲಸ ಮಾತ್ರ ಗುಬ್ಬಿ, ಕುಣಿಗಲ್ಲುಗಳ ಕನ್ನಡದಲ್ಲಿ. 'ಎದೆ ಉರಿ', 'ಕೈಕಾಲು ಸೇದುತ್ತೆ', 'ಮೈಮೇಲೆ ಬಂದಂಗಾಗುತ್ತೆ', 'ಜೀವ ಬ್ಯಾಡ ಅನ್ಸುತ್ತೆ' ಎಂದು ಹೇಳುವ ಹೆಂಗಸಿನ ಮಾತಿನಲ್ಲಿ ಖಿನ್ನತೆ ಎಲ್ಲಿದೆ, ಬರೀ ದಣಿವು ಎಲ್ಲಿದೆ ಎಂದು ಬಿಡಿಸಿ ನೋಡುವ ಕಿವಿ ಇರಬೇಕಲ್ಲವೇ? ಇದನ್ನು ಅಳೆಯುವ ಪರೀಕ್ಷೆ ಇನ್ನೂ ಬಂದಿಲ್ಲ. ರಾಜ್ಯ ಪರಿಷತ್ತು ರಾಜ್ಯದ್ದೇ ಆದ ಮೇಲೆ, ಜನರ ಭಾಷೆ ಬಲ್ಲವರೇ ಎಂದು ನೋಡುವುದೂ ಅದರ ಕೆಲಸವಾಗಬೇಕು.

ತುರುವೇಕೆರೆಯ ಪಾಠ

ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ಶೇಕಡ 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಚಿಕಿತ್ಸೆ ಬೇಕಾದವರಲ್ಲಿ ಬಹುಪಾಲು ಜನಕ್ಕೆ ಅದು ಸಿಕ್ಕಿರಲಿಲ್ಲ. ಕಾಯಿಲೆಯನ್ನು ಅನುಸರಿಸಿ ಈ ಕೊರತೆ ಶೇಕಡ 70ರಿಂದ 92ರವರೆಗೆ ಇತ್ತು. ಇಷ್ಟು ದೊಡ್ಡ ಕೊರತೆ ಇರುವ ದೇಶದಲ್ಲಿ, ಏಳು ವರ್ಷ ಓದಿದವರು ಮಾತ್ರ ರೋಗಿಯ ಮನೆಗೆ ಹೋಗಬೇಕು ಎಂದು ಪಟ್ಟು ಹಿಡಿದರೆ, ಬಹುಪಾಲು ಮನೆಗಳಿಗೆ ಯಾರೂ ಹೋಗುವುದಿಲ್ಲ.

ಈ ಗಂಟನ್ನು ಬಿಡಿಸುವ ದಾರಿಯೂ ಕರ್ನಾಟಕದಲ್ಲೇ ಮೂಡಿದೆ. 1970ರ ದಶಕದಲ್ಲಿ ನಿಮ್ಹಾನ್ಸ್ ಬೆಂಗಳೂರಿನ ಹೊರವಲಯದ ಸಕಲವಾರದಲ್ಲಿ ಹಳ್ಳಿಯ ಮಾನಸಿಕ ಆರೋಗ್ಯ ಕೇಂದ್ರ ತೆರೆದು, ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಗೇ ತರಬೇತಿ ಕೊಟ್ಟಿತು. 1980ರ ದಶಕದಲ್ಲಿ ಅದು ಬಳ್ಳಾರಿ ಜಿಲ್ಲೆಯ ಮಾದರಿಯಾಯಿತು. 1996ರಲ್ಲಿ ಅದೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ಹರಡಿತು. ಜಿಲ್ಲಾ ತಂಡದಲ್ಲಿ ಮನೋವೈದ್ಯರ ಜೊತೆ ಮನೋವೈದ್ಯಕೀಯ ಸಮಾಜಕಾರ್ಯಕರ್ತರ ಹುದ್ದೆಯೂ ಇದೆ.

ತುಮಕೂರು ಜಿಲ್ಲೆಗೆ ಇನ್ನೂ ಹತ್ತಿರದ ಉದಾಹರಣೆ ತುರುವೇಕೆರೆ. ತೀರ್ಥಹಳ್ಳಿಯಲ್ಲಿ ಮಾಡಿದಂತೆ ಈ ತಾಲ್ಲೂಕಿನಲ್ಲೂ ನಿಮ್ಹಾನ್ಸ್, ಸ್ಕಿಜೋಫ್ರೇನಿಯಾದಂಥ ತೀವ್ರ ಕಾಯಿಲೆ ಇದ್ದವರನ್ನು ಅವರ ಊರಲ್ಲೇ ಗುರುತಿಸಿ, ತಾಲ್ಲೂಕಿನಲ್ಲೇ ಚಿಕಿತ್ಸೆ ಕೊಡಿಸಿ, ವರ್ಷಾನುಗಟ್ಟಲೆ ಅವರ ಜಾಡು ಹಿಡಿಯುವ ಯೋಜನೆ ನಡೆಸಿದೆ. ಇಂಥ ಕೆಲಸದ ಬೆನ್ನೆಲುಬು ಮನೆ ಭೇಟಿ. ಮಾತ್ರೆ ತಪ್ಪಿಸಿದವರ ಬಾಗಿಲಿಗೆ ಮತ್ತೆ ಮತ್ತೆ ಹೋಗುವವರು ಬೇಕು. ಅವರೆಲ್ಲ ಎಂ.ಫಿಲ್. ಆಗಿರಬೇಕಿಲ್ಲ. ಆದರೆ ಅವರು ಕಂಡದ್ದನ್ನು ಹೇಳಿಕೊಳ್ಳಲು, ತಪ್ಪಿದಾಗ ತಿದ್ದಿಸಿಕೊಳ್ಳಲು, ಅಪಾಯ ಕಂಡಾಗ ಒಪ್ಪಿಸಲು ಮೇಲೊಬ್ಬ ನೋಂದಾಯಿತ ಹಿರಿಯರು ಇರಲೇಬೇಕು.

ಇದರಲ್ಲೇ ಒಂದು ಹಂತದ ವ್ಯವಸ್ಥೆಯ ರೂಪರೇಖೆ ಇದೆ. ಜೊತೆಗೂಡಿ ನಿಲ್ಲಲು, ಧೈರ್ಯ ಹೇಳಲು, ಮಾಸಾಶನದ ಅರ್ಜಿ ತುಂಬಲು ಆಶಾ ಕಾರ್ಯಕರ್ತೆಯೂ ಸಾಕು. ಕುಟುಂಬದ ಆಪ್ತಸಲಹೆಗೆ ಎಂ.ಎಸ್.ಡಬ್ಲ್ಯು. ಓದಿ ಮೇಲ್ವಿಚಾರಣೆಯಲ್ಲಿ ಕಲಿತವರು ಬೇಕು. ಸಹಿ ಹಾಕಿ ಇನ್ನೊಬ್ಬರನ್ನು ಆಸ್ಪತ್ರೆಯಲ್ಲಿ ಇರಿಸುವ ಕೆಲಸಕ್ಕೆ ಪೂರ್ಣ ತರಬೇತಿ ಪಡೆದು ರಾಜ್ಯದ ರಿಜಿಸ್ಟರಿನಲ್ಲಿ ಹೆಸರು ಇರುವವರೇ ಬೇಕು. ಅಧಿಕಾರ ಹೆಚ್ಚಿದಷ್ಟೂ ಕಟ್ಟಳೆ ಹೆಚ್ಚಬೇಕು. ಸಹಾಯಹಸ್ತಕ್ಕೆ ಮಾತ್ರ ಕಟ್ಟಳೆಯ ಗೋಡೆ ಅಡ್ಡ ಬರಬಾರದು. 2021ರ ಕಾಯ್ದೆಯ ಕೆಳಗೆ ನಿಯಮ ಮಾಡುವವರು ಈ ಹಂತಗಳನ್ನು ಮರೆತು ಎಲ್ಲರನ್ನೂ ಒಂದೇ ಗೂಟಕ್ಕೆ ಕಟ್ಟಿದರೆ, ಪೇಟೆಯಲ್ಲಿ ಪರಿಣತರು ಉಳಿಯುತ್ತಾರೆ, ಹಳ್ಳಿಯಲ್ಲಿ ತಾಯತ ಉಳಿಯುತ್ತದೆ.

ಮನೆಯವರು ಕೇಳಬೇಕಾದದ್ದು

ಕಾಯ್ದೆಗಳು ಸರಿಹೋಗುವವರೆಗೆ ಜನ ಕೈಕಟ್ಟಿ ಕೂರಬೇಕಿಲ್ಲ. ಮನೆಯಲ್ಲಿ ಇಂಥ ಕಷ್ಟ ಬಂದಾಗ ಆಪ್ತಸಲಹೆಗೆಂದು ಯಾರ ಬಳಿ ಹೋದರೂ ನಾಲ್ಕು ಪ್ರಶ್ನೆ ಕೇಳಬಹುದು. ಏನು ಓದಿದ್ದೀರಿ? ಎಲ್ಲಿ, ಯಾರ ಮೇಲ್ವಿಚಾರಣೆಯಲ್ಲಿ ತರಬೇತಿ ಪಡೆದಿರಿ? ಯಾವ ರಿಜಿಸ್ಟರಿನಲ್ಲಿ ನಿಮ್ಮ ಹೆಸರಿದೆ? ನಿಮ್ಮ ಕೈಮೀರಿದರೆ ನಮ್ಮನ್ನು ಯಾರ ಬಳಿಗೆ ಕಳಿಸುತ್ತೀರಿ? ಸರಿಯಾದ ತರಬೇತಿ ಇದ್ದವರು ಈ ಪ್ರಶ್ನೆಗಳಿಗೆ ಮುನಿಸಿಕೊಳ್ಳುವುದಿಲ್ಲ. ಮುನಿಸಿಕೊಂಡರೆ ಅದೇ ಒಂದು ಉತ್ತರ. ಮಾತ್ರೆ ನಿಲ್ಲಿಸಿ ಎಂದೋ, ಈ ಮಾತ್ರೆ ತೆಗೆದುಕೊಳ್ಳಿ ಎಂದೋ ವೈದ್ಯರಲ್ಲದವರು ಹೇಳಿದರೆ ಅಲ್ಲಿಂದ ಎದ್ದುಬರುವುದು ಕ್ಷೇಮ. ಯಾರನ್ನು ಕೇಳಬೇಕೆಂದೇ ತಿಳಿಯದಿದ್ದರೆ, 2022ರ ಅಕ್ಟೋಬರ್ 10ರಿಂದ ನಡೆಯುತ್ತಿರುವ ಸರ್ಕಾರದ ಟೆಲಿ ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಔಷಧಿ ಅಂಗಡಿಯ ಗೋಡೆಯ ಮೇಲಿನ ಪ್ರಮಾಣಪತ್ರವನ್ನು ಯಾರೂ ಓದುವುದಿಲ್ಲ. ಅದು ಅಲ್ಲಿದೆ ಎಂಬ ಭರವಸೆಯಿಂದಲೇ ಓದದೆ ಇರುತ್ತಾರೆ. ಸಂಸಾರದ ಅತ್ಯಂತ ನೋವಿನ ಮಾತನ್ನು ಅಪರಿಚಿತರ ಮುಂದೆ ಬಿಚ್ಚಿಡುವ ತಾಯಿಗೂ ಅಂಥದೊಂದು ಭರವಸೆ ಸಲ್ಲಬೇಕು. ರಾಜ್ಯ ಇಡುವ ರಿಜಿಸ್ಟರಿನ ಬೆಲೆ ಅದರಲ್ಲಿ ಎಷ್ಟು ಹೆಸರಿದೆ ಎಂಬುದರಲ್ಲಿಲ್ಲ. ಆ ತಾಯಿ ಅದನ್ನು ತೆರೆದು ನೋಡಬಲ್ಲಳೇ, ನೋಡಿದರೆ ಅವಳ ತಾಲ್ಲೂಕಿನ ಒಂದು ಹೆಸರಾದರೂ ಅದರಲ್ಲಿ ಸಿಕ್ಕೀತೇ ಎಂಬುದರಲ್ಲಿದೆ.